ಹತ್ತಿ ಎಳೆಯೊಳಗಿನ ಹತ್ತನೇತ್ತೆ

ಏನ್ರೀ ಅಕ್ಕಾರ, ನಿಮ್ಮ ಮನ್ಯಾಗೂ ಟಿ.ವಿ. ಬಂದ್ ಆಗೇತೇನು? ನಮ್ಮ ಓಣ್ಯಾಗ ಈಗ ಎಲ್ಲಾರ ಮನಿ ಸುದ್ದಿ ಒಂದ: ಹತ್ತನೇತ್ತೆ ಪರೀಕ್ಷೆ.

ಮಾರ್ಚ್ ಬಂತೆಂದರೆ ನಮ್ಮ ಕಡೆ ಹೀಗೇ. ಹಿಂಗಾರಿ ಕಡಲಿ ಮನೆ ಸೇರಿರುತ್ತದೆ, ಜೋಳದ ರಾಶಿ ಮುಗಿಯುತ್ತಾ ಬಂದಿರುತ್ತದೆ, ಎರಿ ಹೊಲಗಳು ಬಿರುಕು ಬಿಡತೊಡಗಿರುತ್ತವೆ. ಅತ್ತ ನರಗುಂದ, ಇತ್ತ ಗಜೇಂದ್ರಗಡ, ನಡುವೆ ನಮ್ಮ ರೋಣ. ಎಲ್ಲಿ ನೋಡಿದರೂ ಸಂಜೆ ಹೊತ್ತು ಕಟ್ಟೆಯ ಮೇಲೆ ಒಬ್ಬ ಹುಡುಗ ಇಲ್ಲವೇ ಹುಡುಗಿ ವಿಜ್ಞಾನದ ಪುಸ್ತಕ ಹಿಡಿದು ಗಟ್ಟಿಯಾಗಿ ಓದುತ್ತಿರುತ್ತಾರೆ. 'ಮೈಟೋಕಾಂಡ್ರಿಯಾ ಜೀವಕೋಶದ ಶಕ್ತಿಯ ಕೇಂದ್ರ, ಮೈಟೋಕಾಂಡ್ರಿಯಾ ಜೀವಕೋಶದ ಶಕ್ತಿಯ ಕೇಂದ್ರ.' ಬಾಯಿಗೆ ಬರುವ ತನಕ ಅದೇ ಸಾಲು. ಹತ್ತಿರ ಹೋಗಿ, 'ಅಲ್ಲಪಾ, ಶಕ್ತಿ ಅಂದ್ರ ಎದರಿಂದ ಬರ್ತೈತಿ? ಯಾವುದಕ್ಕ ಖರ್ಚ ಆಕ್ಕೈತಿ?' ಎಂದು ಕೇಳಿದರೆ ಮಗು ಪುಸ್ತಕದ ಕಡೆ ನೋಡುತ್ತದೆ. ಉತ್ತರ ಅದರ ಮೈಯಲ್ಲೇ ಇದೆ, ಊಟದ ತಾಟಿನಲ್ಲೇ ಇದೆ, ಅಪ್ಪನ ಹೊಲದಲ್ಲೇ ಇದೆ. ಆದರೆ ಆ ಕಡೆ ನೋಡಲು ಯಾರೂ ಹೇಳಿರುವುದಿಲ್ಲ.

ಇದನ್ನೇ ನಿಮ್ಮ ಹತ್ತಿರ ಹೇಳಬೇಕೆಂದು ನಿಂತೆ. ವಿಜ್ಞಾನದ ಪತ್ರಿಕೆ ಬರವಣಿಗೆಗೆ 80 ಅಂಕದ್ದು, ಶಾಲೆಯೊಳಗಿನ ಆಂತರಿಕ ಅಂಕ 20. ಮೂರು ತಾಸು ಹದಿನೈದು ನಿಮಿಷ. ಅದರಲ್ಲಿ ಹದಿನೈದು ನಿಮಿಷ ಪ್ರಶ್ನೆಪತ್ರಿಕೆ ಓದಲಿಕ್ಕೆ. ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಮೂರೂ ಅದರಲ್ಲೇ. ಜೀವಶಾಸ್ತ್ರದಲ್ಲಿ 'ಜೀವಕ್ರಿಯೆಗಳು', 'ನಿಯಂತ್ರಣ ಮತ್ತು ಸಹಭಾಗಿತ್ವ' ಎಂಬ ಎರಡು ದೊಡ್ಡ ಪಾಠಗಳಿವೆ. ಒಂಬತ್ತರಲ್ಲಿ ಓದಿದ ಜೀವಕೋಶದ ಪಾಠ ತಲೆಯಲ್ಲಿ ಗಟ್ಟಿಯಾಗಿ ನಿಂತಿಲ್ಲದಿದ್ದರೆ ಈ ಎರಡೂ ನಿಲ್ಲುವುದಿಲ್ಲ. ಉಸಿರಾಟವಿರಲಿ, ಪಚನವಿರಲಿ, ಮೂತ್ರಪಿಂಡವಿರಲಿ, ನರವಿರಲಿ, ಕೊನೆಗೆ ಕೆಲಸ ನಡೆಯುವುದು ಜೀವಕೋಶದಲ್ಲೇ. ಆದ್ದರಿಂದ ಪುನರ್ಮನನ ಅಲ್ಲಿಂದಲೇ ಶುರುವಾಗಬೇಕು.

ಎತ್ತನ್ನು ನೋಡಿ. ಹೊಲದಲ್ಲಿ ಗಬಗಬನೆ ಕಣಿಕಿ ತಿಂದು ಬರುತ್ತದೆ, ರಾತ್ರಿ ಗೋದಲಿಯ ಮುಂದೆ ಕೂತು ನಿಧಾನವಾಗಿ ಮೆಲುಕು ಹಾಕುತ್ತದೆ. ಆ ಎರಡನೆಯ ಅಗಿತ ಇಲ್ಲದಿದ್ದರೆ ತಿಂದ ಕಣಿಕಿ ಮೈಗೆ ಹತ್ತುವುದಿಲ್ಲ. ವರ್ಷವಿಡೀ ಶಾಲೆಯಲ್ಲಿ ನುಂಗಿದ ಪಾಠಕ್ಕೂ ಅಂಥ ಎರಡನೆಯ ಅಗಿತ ಬೇಕು. ಅದೇ ಪುಟವನ್ನು ಮತ್ತೆ ನುಂಗಿದರೆ ಅದು ಪುನರ್ಮನನವಲ್ಲ.

'ನಾವ ಏನ್ ಹೇಳಿ ಕೊಡೂಣ್ರಿ, ನಾವ ಕಲ್ತಾವ್ರಲ್ಲ' ಅಂತೀರಿ. ಅದನ್ನು ನಾನು ಒಪ್ಪುವುದಿಲ್ಲ. ನಿಮಗೆ ಹೆಸರುಗಳು ಗೊತ್ತಿಲ್ಲದಿರಬಹುದು, ಸಂಗತಿ ಗೊತ್ತು. ಒಂದೊಂದಾಗಿ ಹೇಳುತ್ತೇನೆ, ನೋಡಿ.

ಮೊದಲು ಉಳ್ಳಾಗಡ್ಡಿ. ಗದಗ ಜಿಲ್ಲೆಯವರಿಗೆ ಉಳ್ಳಾಗಡ್ಡಿ ಏನೆಂದು ಹೇಳುವ ಅವಶ್ಯಕತೆ ಇಲ್ಲ. ಅದರ ಪದರಿನ ಒಳಮೈಯಿಂದ ತೀರಾ ತೆಳ್ಳನೆಯ ಪೊರೆ ಎತ್ತಿ, ಒಂದು ಹನಿ ಅಯೋಡಿನ್ ಹಾಕಿ, ಶಾಲೆಯ ಸೂಕ್ಷ್ಮದರ್ಶಕದ ಕೆಳಗಿಟ್ಟರೆ ಇಟ್ಟಂಗಿಗಳನ್ನು ಜೋಡಿಸಿಟ್ಟ ಹಾಗೆ ಜೀವಕೋಶಗಳು ಕಾಣುತ್ತವೆ. ಕೋಶಭಿತ್ತಿ, ಒಳಗೆ ದೊಡ್ಡ ರಸದಾನಿ, ಬದಿಗೆ ಸರಿದ ಕೋಶಕೇಂದ್ರ. ಆದರೆ ಕ್ಲೋರೋಪ್ಲಾಸ್ಟ್ ಕಾಣುವುದಿಲ್ಲ. ಯಾಕೆ? ಮಣ್ಣಿನೊಳಗಿನ ಗಡ್ಡೆಗೆ ಬಿಸಿಲಿಲ್ಲ, ದ್ಯುತಿಸಂಶ್ಲೇಷಣೆ ಅದರ ಕೆಲಸವಲ್ಲ. 'ಸಸ್ಯಕೋಶದಲ್ಲಿ ಕ್ಲೋರೋಪ್ಲಾಸ್ಟ್ ಇರುತ್ತದೆ' ಎಂದು ಬಾಯಿಪಾಠ ಮಾಡಿದ ಮಗು ಇಲ್ಲಿ ತಡವರಿಸುತ್ತದೆ. ಉಳ್ಳಾಗಡ್ಡಿ ಬೆಳೆದ ಮನೆಯ ಮಗುವಿಗೆ ಕಾರಣ ತಾನೇ ಹೊಳೆಯಬೇಕು.

ಇನ್ನು ಅದನ್ನು ಹೆಚ್ಚುವಾಗ ಕಣ್ಣಲ್ಲಿ ನೀರು ಬರುತ್ತದಲ್ಲ, ಅದೂ ಜೀವಕೋಶದ ಪಾಠವೇ. ಉಳ್ಳಾಗಡ್ಡಿಯ ಕೋಶದಲ್ಲಿ ಒಂದು ಕಿಣ್ವ ರಸದಾನಿಯೊಳಗಿದೆ. ಅದು ಯಾವುದರ ಮೇಲೆ ಕೆಲಸ ಮಾಡಬೇಕೋ ಆ ಗಂಧಕದ ಸಂಯುಕ್ತ ಹೊರಗಡೆ ಕೋಶದ್ರವ್ಯದಲ್ಲಿದೆ. ಕೋಶ ಇಡಿಯಾಗಿರುವ ತನಕ ಎರಡೂ ಕೂಡುವುದಿಲ್ಲ. ಈಳಿಗೆ ತಾಗಿ ಪೊರೆ ಹರಿದ ಕೂಡಲೇ ಕೂಡುತ್ತವೆ. ಗಂಧಕವಿರುವ ಅನಿಲ ಹುಟ್ಟಿ ಕಣ್ಣಿಗೆ ತಾಗುತ್ತದೆ. ನರಗಳು ಮಿದುಳಿಗೆ ಸುದ್ದಿ ಮುಟ್ಟಿಸುತ್ತವೆ, ಕಣ್ಣೀರಿನ ಗ್ರಂಥಿ ನೀರು ಸುರಿಸುತ್ತದೆ. ಪೊರೆ, ರಸದಾನಿ, ಕಿಣ್ವ, ಗ್ರಾಹಕ, ನರ, ಗ್ರಂಥಿ: ಒಂದು ಉಳ್ಳಾಗಡ್ಡಿಯಲ್ಲಿ ಎರಡು ಪಾಠ ಮುಗಿದವು.

ಈಗ ಹತ್ತಿ. ಈ ಸಂಗತಿ ಹೇಳುವಾಗ ನನಗೆ ಪ್ರತಿ ಸಲವೂ ಹಿಗ್ಗು. ಬಿರಿದ ಹತ್ತಿಯ ಕಾಯಿಂದ ಒಂದೇ ಒಂದು ಎಳೆ ಬಿಡಿಸಿ ಅಂಗೈ ಮೇಲೆ ಇಟ್ಟುಕೊಳ್ಳಿ. ಅದು ಒಂದೇ ಜೀವಕೋಶ. ಹೌದು, ಪೂರಾ ಎಳೆ, ತುದಿಯಿಂದ ಬುಡದ ತನಕ, ಒಂದೇ ಕೋಶ. ಬೀಜದ ಹೊರಚರ್ಮದ ಕೋಶವೊಂದು ಉದ್ದಕ್ಕೆ ಬೆಳೆದು ಆದದ್ದು. ಉದ್ದ ಎರಡು ಮೂರು ಸೆಂಟಿಮೀಟರ್. ದಪ್ಪ ಒಂದು ಮಿಲಿಮೀಟರಿನ ಐವತ್ತರಲ್ಲಿ ಒಂದು ಪಾಲಿನಷ್ಟು. ಅಂದರೆ ದಪ್ಪಕ್ಕಿಂತ ಉದ್ದ ಸಾವಿರ ಪಟ್ಟು ಹೆಚ್ಚು. ಒಂದು ಬೀಜದ ಮೇಲೆ ಇಂಥ ಎಳೆಗಳು ಹತ್ತು ಸಾವಿರಕ್ಕೂ ಹೆಚ್ಚು.

ಅದು ಬೆಳೆಯುವ ಬಗೆ ಕೇಳಿದರೆ ಒಂಬತ್ತನೇತ್ತೆಯ ಇಡೀ ಪಾಠ ಕಣ್ಣ ಮುಂದೆ ಬರುತ್ತದೆ. ಹೂ ಅರಳಿದ ದಿನದ ಆಸುಪಾಸು ಆ ಕೋಶ ಉಬ್ಬತೊಡಗುತ್ತದೆ. ಅದರ ರಸದಾನಿಯಲ್ಲಿ ಸಕ್ಕರೆ, ಪೊಟ್ಯಾಸಿಯಂನಂಥ ಪದಾರ್ಥ ಸೇರಿಕೊಳ್ಳುತ್ತವೆ. ಅಭಿಸರಣೆಯಿಂದ ನೀರು ಒಳಗೆ ನುಗ್ಗುತ್ತದೆ. ನೀರಿನ ಒತ್ತಡಕ್ಕೆ ಇನ್ನೂ ಮೆತ್ತಗಿರುವ ಕೋಶಭಿತ್ತಿ ಉದ್ದಕ್ಕೆ ಹಿಗ್ಗುತ್ತದೆ. ಎರಡು ಮೂರು ವಾರ ಹೀಗೆ ಬೆಳೆದ ಮೇಲೆ ಭಿತ್ತಿಯ ಒಳಗಡೆ ಸೆಲ್ಯುಲೋಸ್ ಪದರ ಪದರವಾಗಿ ಕೂಡುತ್ತದೆ. ಕೊನೆಗೆ ಕಾಯಿ ಬಿರಿಯುತ್ತದೆ, ಕೋಶ ಸಾಯುತ್ತದೆ, ಒಳಗಿನದೆಲ್ಲ ಒಣಗಿ ಎಳೆ ಚಪ್ಪಟೆಯಾಗಿ ತಿರುಚಿಕೊಳ್ಳುತ್ತದೆ. ಆ ತಿರುಚು ಇರುವುದರಿಂದಲೇ ಎಳೆಗೆ ಎಳೆ ಹಿಡಿದುಕೊಂಡು ನೂಲಾಗುತ್ತದೆ. ಆ ನೂಲೇ ಗಜೇಂದ್ರಗಡದ ಮಗ್ಗದ ಮೇಲೆ ಪಟ್ಟೇದ ಅಂಚಿನ ಸೀರೆಯಾಗುತ್ತದೆ. 1665ರಲ್ಲಿ ರಾಬರ್ಟ್ ಹುಕ್ ಬೆಂಡಿನ ಚೂರಿನಲ್ಲಿ ಕಂಡದ್ದೂ ಸತ್ತ ಕೋಶಗಳ ಬರೀ ಭಿತ್ತಿಯನ್ನೇ. ನಾವು ಉಡುವ ಹತ್ತಿ ಬಟ್ಟೆಯೂ ಅದೇ, ಸತ್ತ ಜೀವಕೋಶಗಳ ಭಿತ್ತಿ.

ನಮ್ಮ ಪಕ್ಕದ ಧಾರವಾಡದಲ್ಲೇ 1972ರಲ್ಲಿ ಹತ್ತಿ ವಿಜ್ಞಾನಿ ಬಿ. ಎಚ್. ಕಟರ್ಕಿಯವರು ಎರಡು ಬೇರೆ ಜಾತಿಯ ಹತ್ತಿಗಳನ್ನು ಕೂಡಿಸಿ ಉದ್ದ ಎಳೆಯ 'ವರಲಕ್ಷ್ಮಿ' ತಳಿಯನ್ನು ಕೊಟ್ಟರು. ಉದ್ದ ಎಳೆಯ ಹತ್ತಿ ಎಂದರೆ ಉದ್ದ ಜೀವಕೋಶದ ಹತ್ತಿ ಎಂದೇ ಅರ್ಥ. ಅಡತಿ ಅಂಗಡಿಯಲ್ಲಿ ಎಳೆ ಎಳೆದು ನೋಡಿ ದರ ಹೇಳುವವರು ಒಂದು ಜೀವಕೋಶದ ಉದ್ದ ನೋಡುತ್ತಿದ್ದಾರೆ. ಹತ್ತಿ ಬಿಡಿಸಿದ ಕೈಗಳ ಮನೆಯ ಮಗುವಿಗೆ 'ಜೀವಕೋಶ ಕಣ್ಣಿಗೆ ಕಾಣದು' ಎಂದು ಹೇಳಿ ಬಿಟ್ಟರೆ ಅನ್ಯಾಯವಲ್ಲವೇ?

ಅಭಿಸರಣೆ ಅಂದೆ. ಇದು ಮಕ್ಕಳಿಗೆ ಬಹಳ ತೊಡಕಾಗುವ ಮಾತು. ಪುಸ್ತಕದಲ್ಲಿ ಒಣದ್ರಾಕ್ಷಿಯನ್ನು ನೀರಿನಲ್ಲಿ ನೆನೆಯಿಟ್ಟರೆ ಉಬ್ಬುತ್ತದೆ, ಸಕ್ಕರೆ ಪಾಕಕ್ಕೆ ಹಾಕಿದರೆ ಕುಗ್ಗುತ್ತದೆ ಎಂದಿದೆ. ಮಾಡಿ ನೋಡಲಿ, ಒಳ್ಳೆಯದೇ. ಆದರೆ ನರಗುಂದದ ಕಡೆಯವರಿಗೆ ಇದಕ್ಕಿಂತ ದೊಡ್ಡ ಉದಾಹರಣೆ ಹೊಲದಲ್ಲೇ ಬಿದ್ದಿದೆ: ಸವಳು-ಜವಳು. ಮಲಪ್ರಭಾ ಕಾಲುವೆಯ ನೀರು ಬಂದ ಮೇಲೆ, ಬಸಿಯುವ ದಾರಿ ಇಲ್ಲದ ಎರಿ ಹೊಲಗಳಲ್ಲಿ ನೀರಿನ ಮಟ್ಟ ಮೇಲೇರಿತು. ನೀರು ಬಿಸಿಲಿಗೆ ಆರಿತು, ಉಪ್ಪು ಮೇಲೆ ಉಳಿಯಿತು, ನೆಲ ಬೆಳ್ಳಗಾಯಿತು. ಅಂಥ ಹೊಲದಲ್ಲಿ ಹಸಿ ಇದ್ದರೂ ಬೆಳೆ ಬಾಡುತ್ತದೆ. ಹಿರಿಯರಿಗೆ ಇದು ಗೊತ್ತು. ಕಾರಣ ಹತ್ತನೇತ್ತೆಯ ಮಗುವಿಗೆ ಗೊತ್ತಿರಬೇಕು.

ಬೇರುರೋಮದ ಕೋಶದೊಳಗೆ ನೀರು ಬರುವುದು ಹೊರಗಿನ ದ್ರಾವಣ ಒಳಗಿನದಕ್ಕಿಂತ ತೆಳುವಾಗಿದ್ದಾಗ. ಮಣ್ಣಿನ ನೀರಿನಲ್ಲಿ ಉಪ್ಪು ಹೆಚ್ಚಾದರೆ ನೀರು ಒಳಗೆ ಬರಲು ಒಲ್ಲದು. ಉಪ್ಪು ತೀರಾ ಹೆಚ್ಚಾದರೆ ಕೋಶದಲ್ಲಿದ್ದ ನೀರೂ ಹೊರಗೆ ಹೋಗುತ್ತದೆ. ಇದು ಸವಳು. ಮಾವಿನಕಾಯಿ ಹೋಳಿಗೆ ಉಪ್ಪು ಬೆರೆಸಿಟ್ಟರೆ ಬೆಳಿಗ್ಗೆ ಭರಣಿಯಲ್ಲಿ ನೀರು ನಿಲ್ಲುವುದೂ ಇದೇ ಕಾರಣಕ್ಕೆ. ಇನ್ನು ಜವಳು: ನೀರು ನಿಂತ ಮಣ್ಣಿನಲ್ಲಿ ಗಾಳಿಗೆ ಜಾಗವಿಲ್ಲ, ಬೇರಿನ ಕೋಶಗಳಿಗೆ ಆಕ್ಸಿಜನ್ ಸಿಗುವುದಿಲ್ಲ, ಉಸಿರಾಡಲಾರದೆ ಬೇರು ಕೊಳೆಯುತ್ತದೆ. ಬೇರೂ ಉಸಿರಾಡುತ್ತದೆ, ಹಗಲೂ ರಾತ್ರಿ ಉಸಿರಾಡುತ್ತದೆ. ಒಂದು ಜೋಡಿ ಮಾತಿನಲ್ಲಿ ಅಭಿಸರಣೆಯೂ ಉಸಿರಾಟವೂ ಎರಡೂ ಇವೆ. ನೀರಿಗಾಗಿ ಹೋರಾಡಿದ ನೆಲದ ಮಗುವಿಗೆ ನೀರು ಕೋಶದೊಳಗೆ ಹೇಗೆ ಹೋಗುತ್ತದೆ ಎಂಬುದು ಬರೀ ಎರಡು ಅಂಕದ ಪ್ರಶ್ನೆಯಾಗಿ ಉಳಿಯಬಾರದು.

ಜೋಳದ ಎಲೆಯನ್ನೂ ನೆನಪಿಸಿ. ಹಸಿ ಕಡಿಮೆಯಾದ ದಿನಗಳಲ್ಲಿ ಮಧ್ಯಾಹ್ನದ ಹೊತ್ತಿಗೆ ಎಲೆ ಸುರುಳಿ ಸುತ್ತಿಕೊಳ್ಳುತ್ತದೆ, ಸಂಜೆ ಮತ್ತೆ ಬಿಚ್ಚಿಕೊಳ್ಳುತ್ತದೆ. ಎಲೆಯ ಪತ್ರರಂಧ್ರಗಳ ಎರಡೂ ಬದಿಗೆ ಕಾವಲು ಕೋಶಗಳಿವೆ. ನೀರು ತುಂಬಿ ಅವು ಉಬ್ಬಿದರೆ ರಂಧ್ರ ತೆರೆಯುತ್ತದೆ, ನೀರು ಕಳೆದುಕೊಂಡು ಕುಗ್ಗಿದರೆ ಮುಚ್ಚುತ್ತದೆ. ತೆರೆದರೆ ಇಂಗಾಲದ ಡೈಆಕ್ಸೈಡ್ ಒಳಗೆ ಬರುತ್ತದೆ, ಜೊತೆಗೇ ನೀರಿನ ಆವಿ ಹೊರಗೆ ಹೋಗುತ್ತದೆ. ಊಟ ಬೇಕೆಂದರೆ ನೀರು ಕಳೆಯಬೇಕು. ಮಳೆ ಕಡಿಮೆಯ ನಮ್ಮ ಸೀಮೆಯಲ್ಲಿ ಪ್ರತಿ ಗಿಡಕ್ಕೂ ಇದೇ ಲೆಕ್ಕ. ಬದುವಿನ ಮೇಲಿನ ಕತ್ತಾಳೆ ಈ ಲೆಕ್ಕವನ್ನು ಬೇರೆ ರೀತಿ ಬಿಡಿಸಿಕೊಂಡಿದೆ: ರಾತ್ರಿ ರಂಧ್ರ ತೆರೆದು ಗಾಳಿ ತೆಗೆದುಕೊಳ್ಳುತ್ತದೆ, ಹಗಲು ಮುಚ್ಚಿಕೊಂಡು ಬಿಸಿಲಿನಲ್ಲಿ ಆಹಾರ ಮಾಡಿಕೊಳ್ಳುತ್ತದೆ.

ಇನ್ನು ಮೈಯೊಳಗಿನ ಪಾಠ. ರೊಟ್ಟಿಯ ಒಂದು ತುತ್ತನ್ನು ಪಲ್ಯ ಹಚ್ಚದೆ ಬಾಯಲ್ಲಿಟ್ಟು ಚೆನ್ನಾಗಿ ಅಗಿಯಲು ಹೇಳಿ. ಸ್ವಲ್ಪ ಹೊತ್ತಿಗೆ ಸಿಹಿ ಹತ್ತುತ್ತದೆ. ಜೊಲ್ಲಿನ ಅಮೈಲೇಸ್ ಪಿಷ್ಟವನ್ನು ಸಕ್ಕರೆಯಾಗಿ ಒಡೆಯತೊಡಗಿದೆ. ಜಠರದಲ್ಲಿ ಆಮ್ಲ ಮತ್ತು ಪೆಪ್ಸಿನ್ ಬೇಳೆಯ ಪ್ರೋಟೀನಿಗೆ ಕೈ ಹಾಕುತ್ತವೆ. ಸಣ್ಣ ಕರುಳಿನಲ್ಲಿ ಪಿತ್ತರಸ ಶೇಂಗಾದ ಹಿಂಡಿಯ ಎಣ್ಣೆಯನ್ನು ಸಣ್ಣ ಸಣ್ಣ ಹನಿಯಾಗಿ ಒಡೆಯುತ್ತದೆ, ಮೇದೋಜೀರಕ ರಸ ಉಳಿದದ್ದನ್ನು ಮುಗಿಸುತ್ತದೆ. ಹಾಗಾದರೆ ಎತ್ತು ತಿನ್ನುವ ಕಣಿಕಿ ನಮಗೆ ಯಾಕೆ ದಕ್ಕುವುದಿಲ್ಲ? ಅದೂ ಸೆಲ್ಯುಲೋಸ್, ಹತ್ತಿಯ ಎಳೆಯಲ್ಲಿದ್ದದ್ದೇ. ಅದನ್ನು ಒಡೆಯುವ ಕಿಣ್ವ ನಮ್ಮಲ್ಲಿಲ್ಲ. ಎತ್ತಿನ ಮೊದಲ ಹೊಟ್ಟೆಯಲ್ಲಿರುವ ಸೂಕ್ಷ್ಮಜೀವಿಗಳಲ್ಲಿದೆ.

ಉಸಿರಿನ ಪಾಠಕ್ಕೆ ಮಕ್ಕಳನ್ನು ಕಾಲಕಾಲೇಶ್ವರನ ಗುಡಿಯ ಮೆಟ್ಟಿಲು ಹತ್ತಿಸಿ, ಇಲ್ಲವೇ 1858ರಲ್ಲಿ ಅರಸ ಬಾಬಾಸಾಹೇಬರು ಬ್ರಿಟಿಷರಿಗೆ ಎದುರು ನಿಂತ ನರಗುಂದದ ಗುಡ್ಡ ಹತ್ತಿಸಿ. ಏದುಸಿರು ಬರುತ್ತದೆ, ಎದೆ ಬಡಿಯುತ್ತದೆ, ಮೀನಖಂಡ ನೋಯುತ್ತದೆ. ಈ ಮೂರಕ್ಕೂ ಕಾರಣ ಹೇಳಿದರೆ ಉಸಿರಾಟದ ಪಾಠ ಬಂತೆಂದೇ ಅರ್ಥ. ಗಾಳಿ ಎಳೆದುಕೊಳ್ಳುವುದು ಎದೆಯ ಕೆಲಸ; ಗ್ಲೂಕೋಸ್ ಒಡೆದು ಶಕ್ತಿ ತೆಗೆಯುವುದು ಪ್ರತಿ ಜೀವಕೋಶದ ಕೆಲಸ. ಆ ಶಕ್ತಿಯನ್ನು ಹಿಡಿದಿಡುವ ಅಣುವೇ ಎಟಿಪಿ, ಅದರ ಬಹುಪಾಲು ಹುಟ್ಟುವುದು ಮೈಟೋಕಾಂಡ್ರಿಯಾದಲ್ಲಿ. ಸ್ನಾಯುವಿಗೆ ಆಕ್ಸಿಜನ್ ಸಾಲದಾದಾಗ ಗ್ಲೂಕೋಸ್ ಅರ್ಧಕ್ಕೇ ಒಡೆದು ಲ್ಯಾಕ್ಟಿಕ್ ಆಮ್ಲವಾಗುತ್ತದೆ. ಹಾಲು ಮೊಸರಾಗುವಾಗ ಬ್ಯಾಕ್ಟೀರಿಯಾ ಮಾಡುವುದೂ ಅದೇ ಆಮ್ಲವನ್ನೇ. ಶ್ವಾಸಕೋಶದ ಗಾಳಿಗೂಡುಗಳನ್ನು ಬಿಡಿಸಿ ಹಾಸಿದರೆ ಸುಮಾರು 80 ಚದರ ಮೀಟರ್ ಆಗುತ್ತದೆ. ಬರೀ ವಿಸರಣೆಯನ್ನೇ ನಂಬಿದ್ದರೆ ಒಂದು ಆಕ್ಸಿಜನ್ ಅಣು ಕಾಲ್ಬೆರಳಿಗೆ ಮುಟ್ಟಲು ಮೂರು ವರ್ಷ ಹಿಡಿಯುತ್ತಿತ್ತೆಂದು ಪುಸ್ತಕವೇ ಹೇಳುತ್ತದೆ. ಅದಕ್ಕೇ ರಕ್ತ, ಅದಕ್ಕೇ ಹಿಮೋಗ್ಲೋಬಿನ್, ಅದಕ್ಕೇ ಶಾಲೆಯಲ್ಲಿ ಕೊಡುವ ಕಬ್ಬಿಣಾಂಶದ ಗುಳಿಗೆ. ಹುಡುಗಿಯರು ಆ ಗುಳಿಗೆ ತಪ್ಪಿಸಬಾರದು. ಅದು ಪಾಠಕ್ಕೂ ಹೌದು, ಜೀವಕ್ಕೂ ಹೌದು.

ನರದ ಪಾಠಕ್ಕೆ ಕುಸುಬಿ ಸಾಕು. ಕುಸುಬಿ ಮುಳ್ಳು ಚುಚ್ಚಿದ ಕೈ ನೋವು ತಿಳಿಯುವ ಮೊದಲೇ ಹಿಂದೆ ಬರುತ್ತದೆ. ಚರ್ಮದ ಗ್ರಾಹಕ, ಜ್ಞಾನವಾಹಿ ನರ, ಮೆದುಳುಬಳ್ಳಿ, ಕ್ರಿಯಾವಾಹಿ ನರ, ಸ್ನಾಯು. ಇದೇ ಪರಾವರ್ತಿತ ಚಾಪ. ಮಿದುಳಿಗೆ ಸುದ್ದಿ ಆಮೇಲೆ ಮುಟ್ಟುತ್ತದೆ. ಮೂತ್ರಪಿಂಡಕ್ಕೆ ನಮ್ಮ ಬೇಸಿಗೆ ಸಾಕು. ದಿನಕ್ಕೆ ಸುಮಾರು 180 ಲೀಟರ್ ದ್ರವ ನೆಫ್ರಾನುಗಳಲ್ಲಿ ಸೋಸಿ ಇಳಿಯುತ್ತದೆ, ಹೊರಗೆ ಹೋಗುವುದು ಒಂದೆರಡು ಲೀಟರ್ ಮಾತ್ರ. ಉಳಿದದ್ದೆಲ್ಲ ಮರಳಿ ರಕ್ತಕ್ಕೆ. ಬೆವರು ಹರಿದ ದಿನ ಇನ್ನೂ ಹೆಚ್ಚು ನೀರು ಮರಳುತ್ತದೆ, ಆದ್ದರಿಂದ ಮೂತ್ರ ಹಳದಿಯಾಗುತ್ತದೆ.

'ಇಷ್ಟೆಲ್ಲಾ ಸರಿ, ಮಾರ್ಕ್ಸ್ ಹೆಂಗ ಬರ್ತಾವ್ರಿ?' ಅಂತೀರಿ. ಅದನ್ನೂ ಹೇಳುತ್ತೇನೆ. ಪಾಸಿಂಗ್ ಪ್ಯಾಕೇಜು, ಮಾದರಿ ಪ್ರಶ್ನೆಪತ್ರಿಕೆ ಇರಲಿ, ಬೇಡ ಅನ್ನುವುದಿಲ್ಲ. ಹಿಂದುಳಿದ ಮಗುವಿಗೆ ಅವು ಕೈ ಹಿಡಿಯುತ್ತವೆ. ಆದರೆ ಓದಿದ್ದನ್ನೇ ಮತ್ತೆ ಮತ್ತೆ ಓದುವುದಕ್ಕಿಂತ, ಪುಸ್ತಕ ಮುಚ್ಚಿ ನೆನಪಿನಿಂದ ಹೊರಗೆ ತೆಗೆಯುವುದು ಹೆಚ್ಚು ನಿಲ್ಲುತ್ತದೆ. ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕೆ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು 2006ರಲ್ಲಿ ಇದನ್ನು ಪರೀಕ್ಷಿಸಿ ತೋರಿಸಿದರು. ಐದು ನಿಮಿಷದ ನಂತರ ಕೇಳಿದಾಗ ಮತ್ತೆ ಓದಿದವರು ಮುಂದಿದ್ದರು. ಒಂದು ವಾರದ ನಂತರ ಕೇಳಿದಾಗ, ನೆನಪಿನಿಂದ ಬರೆದು ನೋಡಿಕೊಂಡವರು ಮುಂದಿದ್ದರು. ಪರೀಕ್ಷೆ ಐದು ನಿಮಿಷದ ನಂತರ ಬರುವುದಿಲ್ಲ.

ಹಾಗಾಗಿ ಮಗು ಹೃದಯದ ಚಿತ್ರವನ್ನು ನೋಡಿ ಬರೆಯುವುದು ಬೇಡ. ನೋಡಿ, ಮುಚ್ಚಿ, ಬರೆದು, ಆಮೇಲೆ ತೆರೆದು ಕೆಂಪು ಪೆನ್ನಿನಿಂದ ತಿದ್ದಿಕೊಳ್ಳಲಿ. ಹೃದಯ, ಮಿದುಳು, ನೆಫ್ರಾನ್, ಪತ್ರರಂಧ್ರ, ಹೂವಿನ ಸೀಳುನೋಟ: ಈ ಚಿತ್ರಗಳು ಕೈಗೆ ಕೂತರೆ ಅರ್ಧ ಭಯ ಹೋಗುತ್ತದೆ. ಅಪಧಮನಿಯಲ್ಲಿ ಆಕ್ಸಿಜನ್ ತುಂಬಿದ ರಕ್ತವೇ ಇರುತ್ತದೆ ಎಂದು ಬರೆಯುವ ಮಕ್ಕಳು ಬಹಳ. ಶ್ವಾಸಕೋಶಕ್ಕೆ ಹೋಗುವ ಅಪಧಮನಿಯಲ್ಲಿ ಹಾಗಿಲ್ಲ. ಹೃದಯದಿಂದ ಹೊರಗೆ ಒಯ್ಯುವುದು ಅಪಧಮನಿ ಎಂದು ದಾರಿ ಹಿಡಿದು ಹೇಳಿದವರು ಇಲ್ಲಿ ತಪ್ಪುವುದಿಲ್ಲ.

ನಿಮ್ಮ ಕೆಲಸ ಇನ್ನೂ ಸುಲಭ. ಯಾವ ಭಾಗದ ಹೆಸರು ಮಗು ಹೇಳಿದರೂ ಒಂದೇ ಪ್ರಶ್ನೆ ಕೇಳಿ: 'ಅದು ಇಲ್ಲಾಂದ್ರ ಏನಾಕ್ಕೈತಿ?' ಪಿತ್ತರಸ ಇಲ್ಲದಿದ್ದರೆ? ಹೃದಯದ ಕವಾಟ ಇಲ್ಲದಿದ್ದರೆ? ಕಾವಲು ಕೋಶ ಉಬ್ಬದಿದ್ದರೆ? ಈ ಪ್ರಶ್ನೆ ಕೇಳಲು ಯಾವ ಡಿಗ್ರಿಯೂ ಬೇಡ. ಇದಕ್ಕೆ ಉತ್ತರ ಹೇಳಬೇಕಾದರೆ ಮಗು ಕಾರಣ ಹುಡುಕಲೇಬೇಕು. ಕಾರಣ ಗೊತ್ತಿದ್ದವರಿಗೆ ಪ್ರಶ್ನೆಯನ್ನು ಯಾವ ಕಡೆಯಿಂದ ತಿರುಗಿಸಿ ಕೇಳಿದರೂ ಉತ್ತರ ಬರುತ್ತದೆ.

ರೋಣ, ನರಗುಂದ, ಗಜೇಂದ್ರಗಡದ ಹಳ್ಳಿಗಳಲ್ಲಿ ಎಷ್ಟೋ ಮಕ್ಕಳು ತಮ್ಮ ಮನೆಯಲ್ಲಿ ಹತ್ತನೇತ್ತೆ ಬರೆಯುವ ಮೊದಲಿಗರು. ಅವರಿಗೆ ಪೇಟೆಯ ಟ್ಯೂಷನ್ ಸಿಗದಿದ್ದರೂ ಸರಿ, ಕೇಳುವ ಕಿವಿ ಸಿಗಬೇಕು. ಅದಕ್ಕೇ ಅಕ್ಕಾರ, ನನ್ನದೊಂದು ಮಾತು ನಡೆಸಿಕೊಡಿ: ಈ ರಾತ್ರಿ ಊಟಕ್ಕೆ ಕೂತಾಗ 'ಈ ರೊಟ್ಟಿ ತುತ್ತು ನಿನ್ನ ಕಾಲಿನ ಜೀವಕೋಶಕ್ಕ ಹೆಂಗ ಮುಟ್ಟತೈತಿ, ಹೇಳು' ಎಂದು ಮಗಳನ್ನು ಕೇಳಿ, ಆಕೆ ಹೇಳಿ ಮುಗಿಸುವ ತನಕ ನಡುವೆ ಬಾಯಿ ಹಾಕಬೇಡಿ, ಏಳಲೂ ಬೇಡಿ.